ಮೊದಲು ಮಂಡಿ, ಆಮೇಲೆ ಗುಡ್ಡ

28 ನವೆಂಬರ್ 1943, ಭಾನುವಾರ. ಕೊಪ್ಪ

ಗೋದಾವರಿ ಊಟಿಗೆ ಹೋಗಿ ಬಂದಳಂತೆ. ಮೈಸೂರಿನ ಕಾಲೇಜಿನಲ್ಲಿ ನನ್ನ ಪಕ್ಕದ ಬೆಂಚಿನಲ್ಲೇ ಕೂತು, ಹಾಸ್ಟೆಲಿನ ಮೆಟ್ಟಿಲು ಹತ್ತುವುದಕ್ಕೂ ಏದುಸಿರು ಬಿಡುತ್ತಿದ್ದವಳು ಈಗ ‘ಬೆಟ್ಟ ಹತ್ತುವುದರ ಆನಂದ’ ಎಂದು ಪುಟಗಟ್ಟಲೆ ಬರೆದಿದ್ದಾಳೆ. ಆನಂದ ಎಂಬುದು ಅವಳ ಗಂಡನ ಹೆಸರೂ ಹೌದು. ಆದ್ದರಿಂದ ಯಾವ ಆನಂದ ಎಂಬುದು ಕೊನೆಯ ಸಾಲಿನವರೆಗೂ ಖಚಿತವಾಗಲಿಲ್ಲ.

ನನಗೆ ಊಟಿ ಬೇಡ. ಊಟವನ್ನೇ ದಿನವೂ ಬಡಿಸುತ್ತಿದ್ದೇನೆ. ನಮ್ಮ ಹಿತ್ತಲಲ್ಲಿ ಬಚ್ಚಲೊಲೆಗೆ ಬೆನ್ನು ಮಾಡಿ ನಿಂತರೆ ಗಾಳಿಕೋಡು ಕಾಣುತ್ತದೆ. ಬೋಳು ನೆತ್ತಿಯ, ಸಭ್ಯವಾದ ಗುಡ್ಡ. ಪ್ರಾಣ ತೆಗೆಯುವಷ್ಟು ಎತ್ತರವಿಲ್ಲ, ನಾಚಿಕೆಯಾಗುವಷ್ಟು ಗಿಡ್ಡವೂ ಇಲ್ಲ. ಒಂದು ದಿನ ಬಸರೀಕಟ್ಟೆಗೆ ಬಸ್ಸು, ಒಂದು ದಿನ ಹತ್ತಿ ಇಳಿಯುವುದು, ಒಂದು ದಿನ ವಾಪಸು. ಮೂರೇ ದಿನ. ಮದುವೆಯಾಗಿ ಒಂದು ವರ್ಷ ಈ ದಿನಸಿ ಅಂಗಡಿಯ ಹಿಂದಿನ ಮನೆಯಲ್ಲಿ ಜೀರಿಗೆ, ಮೆಣಸುಗಳ ಜೊತೆ ನನ್ನನ್ನೂ ದಾಸ್ತಾನು ಮಾಡಿದ್ದಾರೆ. ದಾಸ್ತಾನಿಗೂ ಒಮ್ಮೊಮ್ಮೆ ಬಿಸಿಲು ತೋರಿಸುವ ಪದ್ಧತಿ ಇದೆಯಲ್ಲ?

ಇವರನ್ನು ಕೇಳಿದೆ. ಗಂಡನ ಹೆಸರು ಹೇಳಬಾರದು. ಬರೆಯಬಾರದೆಂದು ಯಾರೂ ಅಂದಿಲ್ಲ: ಷಡಕ್ಷರಿ. ಹೆಸರಿಗೆ ತಕ್ಕ ಹಾಗೆ ಒಂದು ಸಲಕ್ಕೆ ಆರು ಅಕ್ಷರ ಮಾತ್ರ ಮಾತಾಡುತ್ತಾರೆ. ಇಂದಿನವು: “ಹೂಂ, ನಾಳೆ ನೋಡೋಣ.” ಎಣಿಸಿ ನೋಡಿದೆ. ಸರಿಯಾಗಿದೆ.

ನಾನೂ ತೀರ್ಮಾನಿಸಿದ್ದೇನೆ. ಸಂಕ್ರಾಂತಿಯೊಳಗೆ ಗುಡ್ಡ ಹತ್ತಿಸದಿದ್ದರೆ ಮೈಸೂರಿನ ಬಸ್ಸು ಹತ್ತುತ್ತೇನೆ. ತವರಿಗೆ ಹೋದವಳು ಬೇಗ ಬರುವುದಿಲ್ಲ. ಮಂಚದ ಕೆಳಗಿನ ಟ್ರಂಕನ್ನು ಎಳೆದು ಅರ್ಧ ತುಂಬಿಟ್ಟೆ. ಒಳ್ಳೆಯ ಸೀರೆಗಳು, ಉಣ್ಣೆ ಶಾಲು, ಎರಡು ಇಂಗ್ಲಿಷ್ ಪತ್ತೇದಾರಿ ಕಾದಂಬರಿ, ಕಾಲೇಜಿನಲ್ಲಿ ಟೆನ್ನಿಸ್ ಆಡುತ್ತಿದ್ದ ಕ್ಯಾನ್ವಾಸ್ ಬೂಟು. ಆಡುತ್ತಿದ್ದದ್ದು ಗೋದಾವರಿ. ನಾನು ಚೆಂಡು ಹೆಕ್ಕುತ್ತಿದ್ದೆ. ಆದರೂ ಬೂಟು ನನ್ನದೇ.

30 ನವೆಂಬರ್, ಮಂಗಳವಾರ

ಇವರು ನಿನ್ನೆ ಮತ್ತೆ ಆರು ಅಕ್ಷರ ಕೊಟ್ಟರು: “ಅಮ್ಮನ್ನ ಕೇಳ್ನೋಡು.” ಕೇಳಿದೆ. ಅತ್ತೆ ದಾಕ್ಷಾಯಣಮ್ಮನವರು ಲಿಂಗಪೂಜೆ ಮುಗಿಸಿ, ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಕಾಫಿಗೆ ಕೂತಿದ್ದರು.

“ಗಾಳಿಕೋಡಿಗಾ? ಎಂತಕ್ಕೆ?”

“ಸುಮ್ಮನೆ ಅತ್ತೆ. ನೋಡಕ್ಕೆ.”

“ಎಂತ ನೋಡಕ್ಕೆ?”

“ಗುಡ್ಡ.”

“ಇಲ್ಲಿಂದ ಕಾಣಲ್ವನೇ?”

“ಕಾಣ್ತದೆ. ಅಲ್ಲಿಗೇ ಹೋಗಿ ನೋಡ್ಬೇಕು ಅಂತ.”

“ಅಲ್ಲಿಗೆ ಹೋದ್ರೆ ಗುಡ್ಡ ಎಲ್ಲಿ ಕಾಣ್ತದೆ ಮಾರಾಯ್ತಿ? ಅದರ ಮೇಲೇ ನಿಂತಿರ್ತೀಯಲ್ಲ.”

ಬಿ.ಎ.ಯಲ್ಲಿ ತರ್ಕಶಾಸ್ತ್ರಕ್ಕೆ ನನಗೆ ಫಸ್ಟ್ ಕ್ಲಾಸು ಬಂದಿತ್ತು. ಅದನ್ನು ವಾಪಸು ಕಳಿಸುವುದು ಹೇಗೆಂದು ಯೋಚಿಸುತ್ತಿದ್ದೇನೆ.

ಈ ಸೀಮೆಯಲ್ಲಿ ಗುಡ್ಡ ಹತ್ತುವುದಕ್ಕೆ ಕಾರಣ ಬೇಕು. ಕಳೆದ ದನ, ಜೇನು, ಸೌದೆ, ಹರಕೆ. ಇವಲ್ಲದೆ ಯಾರಾದರೂ ಹತ್ತಿದರೆ ಅವರನ್ನು ಇಳಿಸಿಕೊಂಡು ಬಂದು ತಲೆಗೆ ಎಣ್ಣೆ ಹಾಕುತ್ತಾರೆ. ಪಕ್ಕದ ಮನೆಯ ಹೊನ್ನಕ್ಕ ಬೇಲಿಯಾಚೆಯಿಂದ ಎಲ್ಲ ಕೇಳಿಸಿಕೊಂಡು, ಗುಡ್ಡದ ಮೇಲೆ ಕೊಪ್ಪರಿಗೆ ಹೊನ್ನು ಹೂತಿರುವ ಸುಳಿವು ನನಗೆ ಇಂಗ್ಲಿಷ್ ಪುಸ್ತಕದಲ್ಲಿ ಸಿಕ್ಕಿದೆ ಎಂದು ಪೇಟೆಯಲ್ಲಿ ಹೇಳಿಬಂದಿದ್ದಾಳೆ. ಕೊಪ್ಪದವರಿಗೆ ಕೊಪ್ಪರಿಗೆ ಬಿಟ್ಟು ಬೇರೆ ಹೊಳೆಯುವುದು ಹೇಗೆ? ಅವಳ ಹೆಸರಲ್ಲಿಯೇ ಹೊನ್ನು ಇದೆ.

6 ಡಿಸೆಂಬರ್, ಸೋಮವಾರ

ಬಾಯಿ ತಪ್ಪಿ ಬಂತು ಎಂದು ಬರೆದುಕೊಂಡರೆ ಸುಳ್ಳಾಗುತ್ತದೆ. ಬೇಕೆಂದೇ ಆಡಿದೆ.

ಸಂಜೆ ದೀಪ ಹಚ್ಚುವ ಹೊತ್ತು. ಅತ್ತೆ ನೆಲದಿಂದ ಏಳುತ್ತ ಎಂದಿನಂತೆ ಮಂಡಿ ಹಿಡಿದುಕೊಂಡು “ಅಯ್ಯೋ ವೀರಭದ್ರಾ” ಎಂದರು. ಗಾಳಿಕೋಡಿನ ನೆತ್ತಿಯ ಮೇಲಿರುವುದೂ ವೀರಭದ್ರನ ಕಲ್ಲೇ. ಸೂರಿಲ್ಲ, ಪೂಜಾರಿಯಿಲ್ಲ, ಕಲ್ಲೊಂದೇ. ನನ್ನ ತಲೆಯಲ್ಲಿ ಯಾರೋ ಟಾರ್ಚು ಹಾಕಿದ ಹಾಗಾಯಿತು. ಕೈ ಮುಗಿದು, ಇವರಿಗೂ ಬೇಲಿಯಾಚೆಗೂ ಕೇಳುವ ಹಾಗೆ ಅಂದೆ:

“ವೀರಭದ್ರಪ್ಪಾ, ನಮ್ಮತ್ತೆ ಮಂಡಿನೋವು ವಾಸಿ ಆದ್ರೆ ಗಾಳಿಕೋಡು ಹತ್ತಿ ಬಂದು ನಿಂಗೆ ಕಾಯಿ ಒಡೆಸ್ತೀನಿ.”

ವೀರಭದ್ರನಿಗೂ ನನಗೂ ಪರಿಚಯ ಅಷ್ಟಕ್ಕಷ್ಟೆ. ಅವನಿಗೂ ಆಶ್ಚರ್ಯವಾಗಿರಬೇಕು. ಅತ್ತೆ ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಅರಿಸಿನ ಬಟ್ಟೆಯ ಚೂರಿನಲ್ಲಿ ಒಂದಾಣೆ ಇಟ್ಟು ಗಂಟು ಹಾಕಿ, ದೇವರ ಗೂಡಿನ ಮೊಳೆಗೆ ನೇತುಹಾಕಿದರು. ಮುಡಿಪು ಕಟ್ಟಿದ ಮೇಲೆ ಹರಕೆ ಖಾತ್ರಿ. ಅದನ್ನು ತೀರಿಸಿಯೇ ಬಿಚ್ಚಬೇಕು.

ನಾನು ಒಳಗೊಳಗೇ ಕುಣಿದೆ. “ಹಂಗಾದ್ರೆ ಬರೋ ಸೋಮವಾರ ಹೋಗಿ ಬರ್ಲಾ ಅತ್ತೆ?”

“ಎಂತ ಬರೋ ಸೋಮವಾರ? ಫಲ ಸಿಗದೆ ಹರಕೆ ತೀರಿಸ್ತಾರನೇ? ವೀರಭದ್ರಂಗೆ ಅಡ್ವಾನ್ಸು ಕೊಡಕ್ಕೆ ಹೊರಟಿದೀಯಾ? ಮೊದಲು ಮಂಡಿ, ಆಮೇಲೆ ಗುಡ್ಡ.” ಎರಡು ಹೆಜ್ಜೆ ಹೋಗಿ ತಿರುಗಿದರು. “ಬರಿಗಾಲಲ್ಲಿ.”

ಅಂದರೆ ನನ್ನ ಮೂರು ದಿನದ ವಿಹಾರ ಈಗ ಅತ್ತೆಯ ಎರಡು ಮಂಡಿಗಳ ಮೇಲೆ ನಿಂತಿದೆ. ಅವರೇ ಅವುಗಳ ಮೇಲೆ ಸರಿಯಾಗಿ ನಿಲ್ಲಲಾರರು.

8 ಡಿಸೆಂಬರ್

ದೇವರನ್ನು ನಂಬಿ ಕೂತರೆ ಸಂಕ್ರಾಂತಿ ದಾಟುತ್ತದೆ. ನಾನೇ ವಾಸಿ ಮಾಡಬೇಕು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಳ್ಳೆಣ್ಣೆ, ಆಮೇಲೆ ಲಕ್ಕಿ ಸೊಪ್ಪಿನ ಶಾಖ. ಮಧ್ಯಾಹ್ನ ಊಟವಾದ ಮೇಲೆ ಹಿಂದಿನ ಪಡಸಾಲೆಯಲ್ಲಿ ಅತ್ತೆ ಕಾಲು ಚಾಚುತ್ತಾರೆ, ನಾನು ತೋಳು ಮಡಿಸುತ್ತೇನೆ. ಇವರು ಶಿವಮೊಗ್ಗದ ಅಡಿಕೆ ಮಂಡಿಗೆ ಹೋಗಿದ್ದಾರೆ. ಇವರಿಗೆ ಅಡಿಕೆ ಮಂಡಿ, ನನಗೆ ಅತ್ತೆ ಮಂಡಿ. ಎರಡರಲ್ಲೂ ದರ ಏರುವ ಲಕ್ಷಣವಿಲ್ಲ.

11 ಡಿಸೆಂಬರ್

ಕೈಯೆಲ್ಲ ಬೆಳ್ಳುಳ್ಳಿ ವಾಸನೆ. ಅನ್ನ ತಿಂದರೂ ಒಗ್ಗರಣೆ.

15 ಡಿಸೆಂಬರ್, ಬುಧವಾರ

ದಿನವೂ ಸಂಜೆ ಯುದ್ಧದ ಸುದ್ದಿಯ ಧಾಟಿಯಲ್ಲೇ ಮಂಡಿಯ ಸುದ್ದಿ ಬಿಡುಗಡೆಯಾಗುತ್ತದೆ. “ಬಲಗಾಲು ಅಡ್ಡಿಯಿಲ್ಲ. ಎಡಗಾಲು ನಿನ್ನೆಗಿಂತ ಬಿಗಿ.” ಅಂದರೆ ಬಲಪಂಕ್ತಿ ಮುನ್ನಡೆ, ಎಡಪಂಕ್ತಿ ಹಿಮ್ಮೆಟ್ಟುವಿಕೆ. ನಮ್ಮ ಪಕ್ಷದ ಎಣ್ಣೆಯ ನಷ್ಟ ಅಪಾರ.

ಇಷ್ಟು ಹೊತ್ತು ಸುಮ್ಮನೆ ತಿಕ್ಕುವುದಾದರೂ ಹೇಗೆ? ಅತ್ತೆಗೂ ಬೇಜಾರು ಬಂದಿರಬೇಕು. ಇವತ್ತು ಕೇಳಿದರು: “ಅಷ್ಟು ವರ್ಷ ಮೈಸೂರಲ್ಲಿ ಎಂತ ಓದಿದೀಯೇ?”

ಷೇಕ್ಸ್‌ಪಿಯರ್ ಎಂದರೆ ಮುಂದೆ ವಿವರಿಸಬೇಕು. ಟ್ರಂಕಿನಿಂದ ಪತ್ತೇದಾರಿ ಕಾದಂಬರಿ ತೆಗೆದುಕೊಂಡು ಬಂದು, ಎಡಗೈಯಲ್ಲಿ ಪುಸ್ತಕ ಹಿಡಿದು ಬಲಗೈಯಲ್ಲಿ ತಿಕ್ಕುತ್ತ ಕನ್ನಡದಲ್ಲಿ ಹೇಳಿದೆ. ಲಂಡನ್ನಿನ ಆಚೆ ಒಂದು ಬಂಗಲೆ. ಮುದುಕ ಯಜಮಾನ, ಮೂರು ಸೊಸೆಯರು. ಬೆಳಿಗ್ಗೆ ನೋಡಿದರೆ ಯಜಮಾನನ ಬೆನ್ನಲ್ಲಿ ಚೂರಿ.

“ಅವನು ಲಿಂಗಪೂಜೆ ಮಾಡಿದ್ನಾ ಅಷ್ಟೊತ್ತಿಗೆ?”

“ಕ್ರಿಸ್ತಾನರು ಅತ್ತೆ.”

“ಪಾಪ, ಬರಿಹೊಟ್ಟೇಲಿ ಹೋದ.” ಒಂದು ನಿಮಿಷ ಬಿಟ್ಟು, “ಎರಡನೇ ಸೊಸೆ. ಅವಳೇ.”

“ಹೆಂಗೆ ಗೊತ್ತು?”

“ಮಾವ ಸತ್ತಿದಾನೆ, ಅವಳು ಎದ್ದು ಹೋಗಿ ಚಾ ಕುಡೀತಾಳಲ್ಲೇ! ನೀನು ಓದಿದ್ದೇ ದಂಡ.”

(ಪುಸ್ತಕವನ್ನು ಮತ್ತೆ ಟ್ರಂಕಿಗೆ ಹಾಕಬೇಕು. ಮರೆಯಬಾರದು.)

21 ಡಿಸೆಂಬರ್

ಚಳಿ. ಟ್ರಂಕಿನಿಂದ ಶಾಲು ತೆಗೆದು ಅತ್ತೆಯ ಮಂಡಿಗೆ ಸುತ್ತಿದೆ. ಎಣ್ಣೆ ಕಲೆಯಾದದ್ದರಿಂದ ಮತ್ತೆ ಒಳಗಿಡುವ ಹಾಗಿಲ್ಲ.

ನನಗೊಂದು ಗುಮಾನಿ. ಕಥೆ ಚಪ್ಪೆಯಾದ ದಿನ ನೋವು ಕಡಿಮೆ. ಪತ್ತೇದಾರ ಬಾಗಿಲು ತೆರೆದು “ಆಹಾ!” ಎಂದಲ್ಲಿಗೆ ನಾನು ಪುಸ್ತಕ ಮುಚ್ಚಿದರೆ ಮಂಡಿ ತಕ್ಷಣ ಸೆಟೆಯುತ್ತದೆ, ಇನ್ನಷ್ಟು ತಿಕ್ಕಬೇಕಾಗುತ್ತದೆ. ವೈದ್ಯಶಾಸ್ತ್ರದಲ್ಲಿ ಇಂಥ ಮಂಡಿ ಬೇರೆ ಇರಲಾರದು.

ಅತ್ತೆ ಇವತ್ತು ತಮ್ಮ ಕಥೆಯನ್ನೂ ಸ್ವಲ್ಪ ಹೇಳಿದರು. ಸೀತೂರಿನಿಂದ ಈ ಮನೆಗೆ ಬಂದಾಗ ಹದಿಮೂರು ವರ್ಷ. ಮೊದಲ ದಿನ ನೀರು ಕಾಯಿಸಲು ಹಿತ್ತಲಿಗೆ ಕಳಿಸಿದ್ದರಂತೆ. ಎದುರಿಗೆ ಗಾಳಿಕೋಡು. “ಅದರ ಆಚೆ ನಮ್ಮೂರಿರಬೇಕು ಅಂದ್ಕಂಡು ದಿನಾ ಅತ್ತಿದ್ದೇ ಅತ್ತಿದ್ದು. ಎರಡು ವರ್ಷ ಆದ ಮೇಲೆ ಯಾರೋ ಹೇಳಿದ್ರು, ಸೀತೂರು ಈ ಕಡೆಗಲ್ಲ, ಬೆನ್ನಿನ ಕಡೆಗೆ ಅಂತ. ಅಷ್ಟೂ ಅತ್ತಿದ್ದು ವೇಸ್ಟು.”

ಇಬ್ಬರೂ ಎಷ್ಟು ನಕ್ಕೆವೆಂದರೆ ಎಣ್ಣೆ ಬಟ್ಟಲು ಉರುಳಿತು. ಹೊನ್ನಕ್ಕ ಬೇಲಿಗೆ ಬಂದು “ಎಂತದದು, ಎಂತದು?” ಎಂದಳು. ಅತ್ತೆ “ಕೊಪ್ಪರಿಗೆ ಸಿಕ್ತು” ಎಂದರು.

27 ಡಿಸೆಂಬರ್, ಸೋಮವಾರ

ಅಪ್ಪನ ಕಾಗದ. ಸಂಕ್ರಾಂತಿಗೆ ಬರುತ್ತೀಯೋ ಹೇಗೆ, ಬಸ್ಸು ನಿಲ್ದಾಣಕ್ಕೆ ಯಾರನ್ನಾದರೂ ಕಳಿಸುತ್ತೇನೆ, ಎಂದಿದ್ದಾರೆ. ಉತ್ತರ ಬರೆಯಲು ಪುರುಸೊತ್ತಾಗಲಿಲ್ಲ. ಇನ್ನೂ ಮೂರು ಅಧ್ಯಾಯ ಇದೆ.

ಇವತ್ತಿನ ವಿಶೇಷ: ಕಥೆ ಹೇಳುವಾಗ ಬಾಗಿಲ ಸಂದಿಯಲ್ಲಿ ಒಂದು ಜೊತೆ ಕಾಲು ಕಂಡಿತು. ಅಂಗಡಿಯಲ್ಲಿ ಸೀಮೆಎಣ್ಣೆಗೆ ಜನ ಸಾಲು ನಿಂತಿದ್ದರೂ ಯಜಮಾನರು ಇಲ್ಲಿ ನಿಂತಿದ್ದರು. ಎಷ್ಟು ದಿನದಿಂದಲೋ. ಆಮೇಲೆ ಅಡುಗೆಮನೆಗೆ ಬಂದು, ನೀರು ಕುಡಿದು, ಲೋಟ ಇಟ್ಟು, ಮತ್ತೆ ಎತ್ತಿ, ಕೇಳಿದರು: “ಹಾಗಾದ್ರೆ ಕೊಂದಿದ್ದು ಯಾರು ಅಂತೀಯಾ?”

ಹನ್ನೊಂದು ಅಕ್ಷರ! ಮದುವೆಯ ಮಂಟಪದಲ್ಲೂ ಇಷ್ಟು ಆಡಿರಲಿಲ್ಲ. ನಾನು ಹೇಳಲಿಲ್ಲ. ತಿಳಿಯಬೇಕಾದರೆ ಒಳಗೆ ಬಂದು ಕೂರಲಿ.

3 ಜನವರಿ 1944, ಸೋಮವಾರ

ಮೊನ್ನೆ ಕಥೆ ಮುಗಿಯಿತು. ಕೊಂದವನು ಡಾಕ್ಟರು. ಅತ್ತೆ “ನಾನು ಆವಾಗ್ಲೇ ಹೇಳಿರ್ಲಿಲ್ವಾ?” ಎಂದರು. ಹೇಳಿದ್ದರು, ನಿಜ. ಅವರು ಪತ್ತೇದಾರನನ್ನೂ ಸೇರಿಸಿ ಎಲ್ಲರ ಮೇಲೂ ಒಂದೊಂದು ದಿನ ಹೇಳಿದ್ದರು.

ಇಂದು ಬೆಳಿಗ್ಗೆ ಅತ್ತೆ ಲಿಂಗಪೂಜೆ ಮುಗಿಸಿ ಎದ್ದು, ಮಂಡಿ ಹಿಡಿಯದೆ, ವೀರಭದ್ರನನ್ನು ಕರೆಯದೆ, ಹಿತ್ತಲ ಬಾಗಿಲಿನಿಂದ ಬಾವಿಯವರೆಗೆ ನಡೆದುಹೋಗಿ ನಡೆದುಬಂದರು. ಗರಡಿಯವರ ಹಾಗೆ ಎದೆ ಉಬ್ಬಿಸಿದ್ದರು.

“ವಾಸಿ ಆಯ್ತು.”

“ಎರಡೂನಾ?”

“ಎರಡೂ.”

ನನಗೆ ಕುಣಿಯಬೇಕೆನಿಸಿತು. ಕುಣಿಯುವುದರೊಳಗೆ ಅತ್ತೆ ಮುಂದುವರಿಸಿದರು: “ಯಾರ ಹೆಸರಲ್ಲಿ ಹರಕೆಯೋ ಅವರೇ ಬಂದು ಕಾಯಿ ಮುಟ್ಟಿಸ್ಬೇಕು. ನಾನೂ ಬರ್ತೀನಿ. ಹಬ್ಬ ಆದ ಮೇಲಿನ ಸೋಮವಾರ ಹತ್ತೋಣ.”

ಇವರ ಕಡೆ ನೋಡಿದೆ. ಕಣ್ಣಿನಲ್ಲೇ ಗೋಗರೆದೆ. ಆರು ಅಕ್ಷರ ಬಂತು: “ಅಂಗಡಿ ಯಾರಿಗೆ?” ಅದು ರೇಷನ್ ಅಕ್ಕಿ ಬರುವ ವಾರವಂತೆ, ಇನ್‌ಸ್ಪೆಕ್ಟರು ಯಾವ ಗಳಿಗೆಯಲ್ಲಾದರೂ ಬರಬಹುದಂತೆ.

ಗೋದಾವರಿ ಗಂಡನ ಜೊತೆ ಊಟಿಗೆ ಹೋದಳು. ನಾನು ಅತ್ತೆಯ ಜೊತೆ ಬಸರೀಕಟ್ಟೆಗೆ ಹೋಗುತ್ತೇನೆ. ಇದನ್ನು ಅವಳಿಗೆ ಬರೆಯುವಾಗ ಯಾವ ಆನಂದ ಎಂದು ಬರೆಯಲಿ? ಸಿಟ್ಟಿನಲ್ಲಿ ಪಾತ್ರೆ ಕುಕ್ಕಿದೆ. ಅತ್ತೆ “ಕುಕ್ಕು, ಕುಕ್ಕು. ಹೆಂಗೂ ಕಲಾಯಿ ಹಾಕಿಸ್ಬೇಕಿತ್ತು” ಎಂದರು.

15 ಜನವರಿ, ಶನಿವಾರ

ಸಂಕ್ರಾಂತಿ ಮುಗಿಯಿತು. ಎಳ್ಳು ಬೀರಲು ಊರೆಲ್ಲ ಸುತ್ತಿದ್ದೇ ಪೂರ್ವಾಭ್ಯಾಸ. ಹೋದಲ್ಲೆಲ್ಲ “ನಾಡಿದ್ದು ಗಾಳಿಕೋಡಿಗೆ ಹೊರಟಿದೀವಿ” ಎಂದು ಅತ್ತೆಯೇ ಮೊದಲು ಹೇಳುತ್ತಿದ್ದರು. ಎಂತಕ್ಕೆ ಎಂದರೆ ಹರಕೆ ಎನ್ನುತ್ತಿದ್ದರು. ಆಮೇಲೆ ಸ್ವರ ತಗ್ಗಿಸಿ, “ನೋಡಕ್ಕೂ ಆಯ್ತು” ಎನ್ನುತ್ತಿದ್ದರು.

ಬುತ್ತಿಯ ವಿಚಾರದಲ್ಲಿ ಚರ್ಚೆ ನಾಲ್ಕು ದಿನ ನಡೆದಿದೆ. ನನ್ನದು ಅವಲಕ್ಕಿಯ ಪಕ್ಷ, ಅವರದು ಅಕ್ಕಿರೊಟ್ಟಿಯ ಪಕ್ಷ. ರಾಜಿಯಾಗಿ ಎರಡೂ ಹೊರಟಿವೆ. ಜೊತೆಗೆ ಚಟ್ನಿಪುಡಿ, ಬಾಳೆಕಾಯಿ ಚಿಪ್ಸು, ನಿಂಬೆಹಣ್ಣು, ಎಣ್ಣೆ ಬಾಟಲಿ. ಇವನ್ನೆಲ್ಲ ತುಂಬಲು ಬೇರೆ ಪೆಟ್ಟಿಗೆ ಸಿಗದೆ ಅತ್ತೆ ನನ್ನ ಟ್ರಂಕನ್ನು ಎಳೆದು, ಅದರಲ್ಲಿದ್ದ ಸೀರೆಗಳನ್ನೆಲ್ಲ ತಮ್ಮ ಬೀರುವಿನ ಮೇಲಿನ ಹಲಗೆಯಲ್ಲಿ ಜೋಡಿಸಿಟ್ಟರು. ಮೇಲಿನ ಹಲಗೆಯಲ್ಲಿ ಅವರ ಧಾರೆ ಸೀರೆ ಬಿಟ್ಟು ಬೇರೇನೂ ಇರುತ್ತಿರಲಿಲ್ಲ. ಬೂಟು ಕಂಡು “ಇದೆಂತದೇ, ಪೊಲೀಸಿನವರದ್ದಾ?” ಎಂದರು. ಬರಿಗಾಲಿನ ಹರಕೆಯವಳಿಗೆ ಬೂಟೇಕೆ ಎಂದು ನಾನು ಬದಿಗೆ ಇಟ್ಟರೆ, ಇರಲಿ ಎಂದು ಅವರೇ ಅವಲಕ್ಕಿಯ ಪಕ್ಕ ತುರುಕಿದರು.

16 ಜನವರಿ, ಭಾನುವಾರ. ಬಸರೀಕಟ್ಟೆ

ಯುದ್ಧ ಬಂದ ಮೇಲೆ ಬಸ್ಸು ಪೆಟ್ರೋಲು ಬಿಟ್ಟು ಇದ್ದಿಲು ತಿನ್ನುತ್ತದೆ. ಹಿಂದುಗಡೆ ಒಂದು ಒಲೆ, ಕ್ಲೀನರು ಅದಕ್ಕೆ ಗಾಳಿ ಹಾಕುತ್ತಾನೆ. ಹೊಗೆ ಬಸ್ಸಿನ ಹಿಂದೆ ಹೋಗುವುದರ ಬದಲು ಒಳಗೆ ಬಂದು ಟಿಕೇಟಿಲ್ಲದೆ ಕೂರುತ್ತದೆ. ಏರು ಬಂದಲ್ಲೆಲ್ಲ ಗಂಡಸರು ಇಳಿದು ತಳ್ಳಬೇಕು. ಜಯಪುರದ ಆಚೆಯ ಏರಿನಲ್ಲಿ ಹೆಂಗಸರೂ ಇಳಿಯಬೇಕಾಯಿತು. ಅತ್ತೆ ಮಾತ್ರ ಕೂತೇ ಇದ್ದು, ಕಿಟಕಿಯಿಂದ ತಲೆ ಹಾಕಿ “ಎಡಗಡೆಯವರು ಸುಮ್ನೆ ಕೈ ಇಟ್ಕಂಡಿದೀರಿ, ತಳ್ಳಿ!” ಎಂದು ಹುಕುಂ ಮಾಡಿದರು.

ಇಳಿದುಕೊಂಡಿರುವುದು ಅತ್ತೆಯ ಚಿಕ್ಕಪ್ಪನ ಮಗಳು ವೀರಬಸಮ್ಮನ ಮನೆಯಲ್ಲಿ. ಆಕೆಯ ಗಂಡ ವೀರಪ್ಪ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರು. ನಾಳೆ ಅವರೇ ದಾರಿ ತೋರಿಸುವವರು. “ಗಾಳಿಕೋಡಾ? ಕಣ್ಣು ಕಟ್ಟಿ ಬಿಟ್ರೂ ಹತ್ತಿ ಬರ್ತೀನಿ” ಎಂದರು. ವೀರಬಸಮ್ಮ ನನಗೆ ಕೇಳುವಷ್ಟು ಮೆಲ್ಲಗೆ, “ಕಣ್ಣು ಬಿಟ್ಕಂಡು ಒಂದ್ಸಲನೂ ಹತ್ತಿಲ್ಲ” ಎಂದಳು.

17 ಜನವರಿ, ಸೋಮವಾರ

ಎಲ್ಲವನ್ನೂ ಬರೆಯಬೇಕು.

ಟ್ರಂಕಿನಲ್ಲಿದ್ದದ್ದನ್ನು ಗಂಟು ಕಟ್ಟಿಕೊಂಡು ಬಿಸಿಲು ಏರುವ ಮೊದಲೇ ಹೊರಟೆವು. ತೋಟ ದಾಟಿ ಗುಡ್ಡದ ಬುಡಕ್ಕೆ ಬಂದ ಕೂಡಲೇ ಅತ್ತೆ ಕಲ್ಲಿನ ಮೇಲೆ ಕೂತು, ಗಂಟು ಬಿಚ್ಚಿ, ನನ್ನ ಬೂಟು ತೆಗೆದು ಕಾಲಿಗೆ ಹಾಕಿಕೊಂಡರು. ಇಬ್ಬರ ಅಳತೆಯೂ ಒಂದೇ ಎಂದು ಯಾವಾಗ ನೋಡಿದ್ದರೋ.

“ಅತ್ತೆ! ಬರಿಗಾಲಲ್ಲಿ ಅಂದಿದ್ರಿ!”

“ಹರಕೆ ಹೊತ್ತೋಳು ಯಾರು?”

“ನಾನು.”

“ಮತ್ತೆ? ಬರಿಗಾಲು ನಿಂಗೆ. ನಂಗೆಂತ ಕಟ್ಟುಪಾಡು?”

ಒಂಬತ್ತು ಗಜದ ಸೀರೆ, ಹಣೆ ತುಂಬ ವಿಭೂತಿ, ಕೆಳಗೆ ಬಿಳಿ ಟೆನ್ನಿಸ್ ಬೂಟು. ನಾನು ಚೆಂಡು ಹೆಕ್ಕುವವಳ ಹಾಗೆ ಹಿಂದೆ ಹಿಂದೆ ಹೋದೆ. ಮೈಸೂರಿನಲ್ಲಿ ಆದ ಅಭ್ಯಾಸ ಕೈಕೊಡಲಿಲ್ಲ.

ದಾರಿ ಸುಲಭದ್ದೇ. ಹುಲ್ಲು ಒಣಗಿ ಜಿಂಕೆ ಚರ್ಮದ ಬಣ್ಣಕ್ಕೆ ಬಂದಿದೆ, ನಡುವೆ ಮೊಣಕಾಲೆತ್ತರದ ನೆಲ್ಲಿ ಗಿಡಗಳಲ್ಲೂ ಕಾಯಿ. ಆದರೆ ದಾರಿ ಎರಡಾಗಿ ಒಡೆದಲ್ಲಿ ವೀರಪ್ಪನವರ ಕೀರ್ತಿಯೂ ಒಡೆಯಿತು. ರೈಟಿಗೆ ಹೋಗಬೇಕಾದಲ್ಲಿ ರೈಟರು ಲೆಫ್ಟಿಗೆ ಹೋದರು. ಅರ್ಧ ಗಂಟೆ ನಡೆದು ಸೇರಿದ್ದು ಯಾರದೋ ದನದ ದೊಡ್ಡಿಗೆ. “ಇದನ್ನೂ ನೀವು ನೋಡ್ಲಿ ಅಂತಲೇ ಕರ್ಕಂಡು ಬಂದೆ” ಎಂದರು. ದನಗಳು ನಮ್ಮನ್ನು ನೋಡಿದವು. ನಾವು ದನಗಳನ್ನು ನೋಡಿದೆವು. ವಿಹಾರ.

ವಾಪಸು ಬಂದು ಸರಿ ದಾರಿ ಹಿಡಿದ ಮೇಲೆ ಅತ್ತೆಯ ಮಾತು ಕಡಿಮೆಯಾಯಿತು. ಮೊದಲು ನಾನು ಗಮನಿಸಲಿಲ್ಲ, ನನ್ನ ಅಂಗಾಲಿನ ಮುಳ್ಳುಗಳನ್ನೇ ಗಮನಿಸುತ್ತಿದ್ದೆ. ತಿರುಗಿದರೆ ಅವರು ಎರಡು ಹೆಜ್ಜೆಗೊಮ್ಮೆ ನಿಂತು ನೋಟ ಸವಿಯುವವರ ಹಾಗೆ ನಟಿಸುತ್ತಿದ್ದರು. ನೋಟ ಇದ್ದದ್ದು ಹಿಂದೆ. ಅವರು ನೋಡುತ್ತಿದ್ದದ್ದು ಒಂದು ಬಂಡೆ.

ನೆತ್ತಿಗೆ ಸ್ವಲ್ಪ ಕೆಳಗೆ ಗುಡ್ಡ ಹೆಗಲು ಚಾಚಿದ ಹಾಗೆ ಒಂದು ಚಪ್ಪಟೆ ಜಾಗವಿದೆ. ಅಲ್ಲಿಗೆ ಬಂದು ಅತ್ತೆ ಕುಸಿದು ಕೂತರು. ಎಡ ಮಂಡಿ ಬಾತುಕೊಂಡು ತೆಂಗಿನಕಾಯಿಯಷ್ಟಾಗಿತ್ತು. ಮುಖ ಬೆವತು ವಿಭೂತಿ ಇಳಿದು ಹುಬ್ಬಿಗೆ ಬಂದಿತ್ತು. ಅತ್ತೆಯನ್ನು ಇಲ್ಲಿಂದ ಇಳಿಸುವುದು ಹೇಗೆ?

“ವಾಸಿ ಆಗಿದೆ ಅಂದಿದ್ರಲ್ಲ ಅತ್ತೆ!”

“ಎಲ್ಲಿ ವಾಸಿ ಮಾರಾಯ್ತಿ. ಈ ವಯಸ್ಸಲ್ಲಿ ಮಂಡಿ ವಾಸಿ ಆಗ್ತದಾ? ನೀನು ತಿಕ್ಕಿದ್ದು ಹಿತವಾಗಿತ್ತು, ಅಷ್ಟೆ.”

“ಮತ್ತೆ ಯಾಕೆ ಸುಳ್ಳು ಹೇಳಿದ್ರಿ?”

“ನೀನೆಂತ ಸತ್ಯವಾಗಿ ಹರಕೆ ಹೊತ್ತಿದ್ಯಾ? ಹರಕೆ ಹೊತ್ತ ಮರುಗಳಿಗೆ ‘ಬರೋ ಸೋಮವಾರ ಹೋಗ್ಲಾ’ ಅಂತ ಯಾರಾದ್ರೂ ಕೇಳ್ತಾರನೇ?” ನೋವಿನಲ್ಲೂ ನಕ್ಕರು. ಆಮೇಲೆ ಕಾಲು ಸವರಿಕೊಳ್ಳುತ್ತ, “ಕತೆ ಮುಗಿದೋಯ್ತಲ್ಲ. ಇನ್ನು ನೀನು ಟ್ರಂಕು ಹಿಡ್ಕಂಡು ಹೊರಟುಬಿಡ್ತೀಯ ಅನ್ನಿಸ್ತು” ಎಂದರು.

“ಯಾವ ಟ್ರಂಕು?” ಎಂದೆ. ನಿಜಕ್ಕೂ ಯಾವುದೆಂದು ತಕ್ಷಣ ಹೊಳೆಯಲಿಲ್ಲ. ಕಣ್ಣಿಗೆ ಬಂದದ್ದು ಅವಲಕ್ಕಿ ತುಂಬಿದ ಟ್ರಂಕು.

ಎಣ್ಣೆ ಬಾಟಲಿ ತೆಗೆದೆ. ಬಿಸಿಲಿಗೆ ಅದೇ ಬೆಚ್ಚಗಾಗಿತ್ತು. ತಿಕ್ಕಲು ಕೂತೆ. ಮೇಲೆ ನೆತ್ತಿ ತಲುಪಿದ್ದ ವೀರಪ್ಪನವರು ಕೂಗು ಹಾಕಿದರು: “ಬನ್ನಿ ಬನ್ನಿ! ಇಲ್ಲೇ ಇದೆ ಕಲ್ಲು! ಒಂದೇ ಓಟ!” ನಾನು ಕೈ ಬೀಸಿ, ತಿಕ್ಕುವುದನ್ನು ಮುಂದುವರಿಸಿದೆ. ಬಲಗಡೆ ಸರಿಯಾಗಿತ್ತು, ಎಡಗಡೆಯದ್ದೇ ಚಿಂತೆ.

ನೋವು ಸ್ವಲ್ಪ ತಗ್ಗಿದ ಮೇಲೆ ಅತ್ತೆ ನನ್ನ ಹೆಗಲು ಹಿಡಿದು ತಿರುಗಿ ಕೂತು, ಕೈಯನ್ನು ಹಣೆಗೆ ಅಡ್ಡ ಹಿಡಿದರು. “ಕೊಪ್ಪ ಯಾವ ಕಡೆಗೇ?”

ತೋರಿಸಿದೆ. ಕಾಡಿನ ಮೇಲೆ ಕಾಡು, ಅದರಾಚೆ ನೀಲಿ, ಆ ನೀಲಿಯಲ್ಲಿ ಸೂಜಿಯಷ್ಟು ಹೊಗೆ.

“ಹಿತ್ತಲು ಕಾಣ್ತದಾ?”

“ಅಷ್ಟು ಸಣ್ಣದು ಹೆಂಗೆ ಕಾಣ್ತದೆ ಅತ್ತೆ?”

“ನಂಗೆ ಕಾಣ್ತಿದೆ,” ಎಂದು ಅತ್ತೆ ಬಹಳ ಹೊತ್ತು ಆ ಕಡೆಗೇ ನೋಡಿದರು. ಇಷ್ಟು ವರ್ಷ ಅಲ್ಲಿಂದ ಇಲ್ಲಿಗೆ ನೋಡಿದ ಕಣ್ಣು. ನಾನೇನೋ ಗಂಭೀರವಾದದ್ದು ಬರುತ್ತದೆಂದು ಕಾದೆ. ಬಂದದ್ದು: “ನೋಡು, ನನ್ನ ಮಗ ಒಣಗಿದ ಬಟ್ಟೆ ಒಳಗೆ ತಂದಿಲ್ಲ.”

ನಗು ತಡೆಯಲಾರದೆ ಅವರ ಭುಜಕ್ಕೇ ಒರಗಿದೆ. ರೊಟ್ಟಿ ತಿಂದೆವು, ಅವಲಕ್ಕಿ ತಿಂದೆವು, ನೆಲ್ಲಿಕಾಯಿ ತಿಂದು ನೀರು ಕುಡಿದು ಸಿಹಿ ಎಂದು ಮಕ್ಕಳ ಹಾಗೆ ಮತ್ತೆ ಮತ್ತೆ ಕುಡಿದೆವು. ವೀರಪ್ಪನವರು ಇಳಿದು ಬಂದು, ಕಾಯಿ ಕೊಡಿ, ಮೇಲೆ ಹೋಗಿ ನಾನೇ ಒಡೆದು ಬರುತ್ತೇನೆ ಎಂದರು. ಅತ್ತೆ ಕಾಯಿಯನ್ನು ಸೆರಗಿನೊಳಗೆ ಎಳೆದುಕೊಂಡರು.

“ಎಂತ ಒಡೆಯೋದು? ಮಂಡಿ ವಾಸಿ ಆಗಿಲ್ವಲ್ಲ. ಫಲ ಸಿಗದೆ ಹರಕೆ ತೀರಿಸೋ ಪದ್ಧತಿ ನಮ್ಮಲ್ಲಿಲ್ಲ.”

ಹೀಗೆ ಕಾಯಿ ಗುಡ್ಡ ಹತ್ತಿ ಬಂದು ವಾಪಸು ಹೊರಟಿತು. ಇಳಿಯುವಾಗ ಅತ್ತೆಯ ಒಂದು ತೋಳು ನನ್ನ ಹೆಗಲ ಮೇಲೆ, ಇನ್ನೊಂದು ಕೈಯಲ್ಲಿ ವೀರಪ್ಪನವರ ಕೋಲು. ಕೂತು, ಎದ್ದು, ಮತ್ತೆ ಕೂತು, ತೋಟ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಈಗ ಶಾಖ ಕೊಟ್ಟು ಮಲಗಿಸಿ ಬಂದೆ.

ಬರೆಯುತ್ತಿರುವಾಗ ಈಗ ಹೊಳೆಯುತ್ತಿದೆ: ನಾನು ನೆತ್ತಿಗೆ ಹೋಗಲೇ ಇಲ್ಲ.

22 ಜನವರಿ, ಶನಿವಾರ. ಕೊಪ್ಪ

ಬಂದು ನಾಲ್ಕು ದಿನವಾಯಿತು. ಬಟ್ಟೆ ನಿಜಕ್ಕೂ ತಂತಿಯ ಮೇಲೇ ಇತ್ತು. ಬಂದ ಕೂಡಲೇ ಅತ್ತೆ ಹಿತ್ತಲಿಗೆ ಹೋಗಿ ನೋಡಿ, ಮಗನನ್ನು ಕರೆದು, “ಗುಡ್ಡದ ಮೇಲಿಂದ ನೋಡಿದೆ ಕಣೋ” ಎಂದು ಗದರಿದರು. ಇವರು ಒಂದು ಸಲ ಗುಡ್ಡವನ್ನೂ ಒಂದು ಸಲ ತಂತಿಯನ್ನೂ ನೋಡಿ ನಿಂತುಬಿಟ್ಟರು. ಸಂಜೆ ನನ್ನ ಅಂಗಾಲಿನ ಮುಳ್ಳು ತೆಗೆಯುತ್ತ ಕೂತವರು, ಮುಂದಿನ ಸಲ ಅಂಗಡಿಗೆ ಬಾಗಿಲು ಹಾಕಿಯಾದರೂ ಬರುತ್ತೇನೆ, ಇನ್‌ಸ್ಪೆಕ್ಟರು ಬಂದರೆ ಅವರನ್ನೂ ಕರೆದುಕೊಂಡು ಬಂದರಾಯಿತು ಎಂದರು. ಎಷ್ಟು ಅಕ್ಷರ ಎಂದು ಎಣಿಸಲು ಮರೆತೆ.

ಗೋದಾವರಿಗೆ ಬರೆಯಬೇಕು. ಅಪ್ಪನಿಗೂ ಉತ್ತರ ಬಾಕಿಯಿದೆ. ಬೇಸಿಗೆಯಲ್ಲಿ ಅವರೇ ಇಲ್ಲಿಗೆ ಬರಲಿ ಎಂದು ಬರೆಯುತ್ತೇನೆ. ಗುಡ್ಡ ತೋರಿಸಬಹುದು.

ಟ್ರಂಕಿನಲ್ಲಿ ಹಪ್ಪಳ ತುಂಬಿಟ್ಟಿದ್ದೇವೆ. ಇರುವೆ ಬರುವುದಿಲ್ಲ.

ಮುಡಿಪು ದೇವರ ಗೂಡಿನ ಮೊಳೆಯಲ್ಲೇ ನೇತಾಡುತ್ತಿದೆ, ಕಾಯಿ ಅದರ ಕೆಳಗೆ ಕೂತಿದೆ. ಮಧ್ಯಾಹ್ನ ಎಣ್ಣೆ ಕಾಯಿಸುತ್ತಿದ್ದಾಗ ಅತ್ತೆ ಪಡಸಾಲೆಯಿಂದ ಕೂಗಿದರು, “ಇನ್ನೊಂದು ಪುಸ್ತಕ ಇತ್ತಲ್ಲೇ?”

ಇದೆ. ಇದರಲ್ಲಿ ಇಬ್ಬರು ಸಾಯುತ್ತಾರೆ. ಎರಡು ಮಂಡಿಗೂ ಸಾಕು.